ಮೂರು ಮಕ್ಕಳು, ಎರಡು ಕೈ: ಪಾಳಿ ಹಚ್ಚಿ ದಿನ ನಡೆಸುವ ಬಗೆ

ಮುಂಜಾನೆ ಏಳೂ ನಲವತ್ತು. ದೊಡ್ಡವಳಿಗೆ ಎರಡು ಜಡೆ ಹಾಕಬೇಕು, ನಡುವಿನವಳು ಸಾಕ್ಸ್ ಒಂದೇ ಸಿಕ್ಕಿದೆ ಅಂತ ಬಾಗಿಲಲ್ಲಿ ನಿಂತಿದ್ದಾಳೆ, ಸಣ್ಣವನು ಹಾಲಿನ ಲೋಟ ಚೆಲ್ಲಿ ಅದರಲ್ಲೇ ಕೈಯಾಡಿಸುತ್ತಿದ್ದಾನೆ, ಹಂಚಿನ ಮೇಲೆ ರೊಟ್ಟಿ ಹೊತ್ತುತ್ತಿದೆ. ಎರಡು ಮೂರು ಸಣ್ಣ ಮಕ್ಕಳಿರುವ ಮನೆಗೆ ಇದೇನು ಹೊಸದಲ್ಲ, ಅಲ್ವಾ?

ನಮ್ಮದು ಹಳೇ ಹುಬ್ಬಳ್ಳಿ, ಚಾಳಿನ ಮನೆ. ಮಕ್ಕಳಿಗೆ ಎಂಟು, ಐದು, ಎರಡು ವರ್ಷ. ಸಣ್ಣವನು ಹುಟ್ಟಿದ ಮೇಲೆ ಆರು ತಿಂಗಳು ನಾನು ದಿನವಿಡೀ ಓಡಾಡಿದರೂ ಮೂವರಲ್ಲಿ ಒಬ್ಬರ ಕೆಲಸವೂ ಪೂರ್ತಿ ಆಗುತ್ತಿರಲಿಲ್ಲ. ಯಾರು ಜೋರಾಗಿ ಅತ್ತರೋ ಅವರ ಕಡೆ ಓಡುವುದು, ಅಷ್ಟರಲ್ಲಿ ಇನ್ನೊಬ್ಬರು ಶುರು ಮಾಡುವುದು. ಆಮೇಲೆ ಒಂದು ದಿನ ನಳ ಬಂದಾಗ ಹೊರಗೆ ನಿಂತು ನೋಡಿದೆ. ಎಂಟು ಮನೆಯ ಕೊಡಗಳು ಸಾಲಾಗಿ ಇದ್ದವು. ತನ್ನ ಪಾಳಿ ಬಂದೇ ಬರುತ್ತದೆ ಅಂತ ಗೊತ್ತಿದ್ದವರು ಕೊಡ ಇಟ್ಟು ಒಳಗೆ ಹೋಗಿ ಆರಾಮಾಗಿ ಚಾ ಕುಡಿಯುತ್ತಿದ್ದರು. ಯಾರಾದರೂ ನಡುವೆ ನುಗ್ಗಿದ ದಿನ ಮಾತ್ರ ಜಗಳ. ಮಕ್ಕಳ ಅಳುವೂ ಹೀಗೇ ಅಂತ ಅವತ್ತು ಅನ್ನಿಸಿತು. ಕಾಯುವುದು ಅವರಿಗೆ ಅಷ್ಟು ಕಷ್ಟವಲ್ಲ, ತನ್ನ ಪಾಳಿ ಬರುತ್ತದೋ ಇಲ್ಲವೋ ಅನ್ನುವ ಅನುಮಾನಕ್ಕೇ ಅಳು ಜಾಸ್ತಿ.

ಅವತ್ತಿನಿಂದ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಪಾಳಿ. ಅದನ್ನು ಹೇಗೆ ಹಚ್ಚಿದೆ, ಎಲ್ಲಿ ತಪ್ಪಿದೆ, ಯಾವುದರಲ್ಲಿ ಪಾಳಿಯನ್ನೂ ಬದಿಗಿಟ್ಟು ಎಚ್ಚರ ಇರಲೇಬೇಕು, ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 1: ಮೂರು ದಿನ ಸುಮ್ನೆ ಬರೆದಿಡಿ

ಏನನ್ನೂ ಬದಲಾಯಿಸಬೇಡಿ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಯಾವ ಹೊತ್ತಿಗೆ ಗದ್ದಲ ಎದ್ದಿತು, ಯಾರು ಅತ್ತರು, ಆಗ ನೀವು ಏನು ಮಾಡುತ್ತಿದ್ದಿರಿ, ಇಷ್ಟು ಬರೆಯಿರಿ. ದಿನವಿಡೀ ಗದ್ದಲ ಅಂತ ನಾನು ಅಂದುಕೊಂಡಿದ್ದೆ. ಬರೆದು ನೋಡಿದರೆ ಎರಡೇ ಹೊತ್ತು: ಮುಂಜಾನೆ ಏಳೂವರೆಯಿಂದ ಎಂಟೂಕಾಲು, ಸಂಜೆ ಆರೂವರೆಯಿಂದ ಏಳೂವರೆ. ನಡುವೆ ಇರುವುದು ಸಣ್ಣಪುಟ್ಟ ರಗಳೆ. ಎರಡು ಹೊತ್ತು ಸರಿ ಮಾಡಿದರೆ ಸಾಕು ಅಂತ ಗೊತ್ತಾದಾಗಲೇ ಅರ್ಧ ಭಾರ ಇಳಿಯುತ್ತದೆ.

ಹೆಜ್ಜೆ 2: ಮುಂಜಾನೆಯ ಕೆಲಸ ಹಿಂದಿನ ರಾತ್ರಿಗೆ ತಳ್ಳಿ

ರಾತ್ರಿ ಮಕ್ಕಳು ಮಲಗಿದ ಮೇಲೆ ಇಪ್ಪತ್ತು ನಿಮಿಷ. ಇಷ್ಟೇ ಸಾಕು, ಆದರೆ ಒಂದು ದಿನವೂ ತಪ್ಪಿಸಬೇಡಿ. ಪಾಟಿಚೀಲ ಬಾಗಿಲ ಹತ್ತಿರ. ಒಂದೊಂದು ಮಗುವಿನ ಅಂಗಿ, ಚಡ್ಡಿ, ಸಾಕ್ಸ್, ರಿಬ್ಬನ್, ಕರ್ಚೀಫು ಎಲ್ಲ ಒಂದೇ ಗಂಟು. ನಾನು ಹಳೆಯ ದಿಂಬಿನ ಚೀಲಗಳನ್ನು ಇದಕ್ಕೇ ಇಟ್ಟಿದ್ದೇನೆ, ಒಂದು ಕೆಂಪು, ಒಂದು ಹಸಿರು. ಮುಂಜಾನೆ ಕಪಾಟು ತೆಗೆಯುವ ಮಾತೇ ಇಲ್ಲ. ಹೆಸರುಕಾಳು ಅಥವಾ ಮಡಕಿಕಾಳು ನೆನೆಹಾಕಿ, ಉಳ್ಳಾಗಡ್ಡಿ ಹೆಚ್ಚಿ ಡಬ್ಬಿಯಲ್ಲಿಡಿ. ಶಾಲೆಯ ಡೈರಿಗೆ ಸಹಿ ರಾತ್ರಿಯೇ ಆಗಲಿ. ಮುಂಜಾನೆ ಎಂಟಕ್ಕೆ "ಅವ್ವಾ, ಇವತ್ತು ಬಣ್ಣದ ಹಾಳೆ ತರಾಕ ಹೇಳಿದ್ರು" ಅನ್ನುವ ಮಾತು ಎಷ್ಟು ಮನೆಗಳಲ್ಲಿ ಕೇಳುವುದಿಲ್ಲ ಹೇಳಿ!

ನಿಮಗೆ ಮಕ್ಕಳಿಗಿಂತ ಮುಕ್ಕಾಲು ತಾಸು ಮೊದಲು ಏಳಲು ಆದರೆ ಏಳಿ. ರಾತ್ರಿ ಎರಡು ಸಲ ಎದ್ದು ಹಾಲು ಕುಡಿಸಿದ ತಾಯಿ ನಸುಕಿನಲ್ಲಿ ಏಳಬೇಕು ಅಂತ ನಾನು ಹೇಳುವುದಿಲ್ಲ. ಆ ಒಂದು ವರ್ಷ ನಿದ್ದೆಯೇ ಮುಖ್ಯ. ಆ ವರ್ಷ ಡಬ್ಬಿಗೆ ರೊಟ್ಟಿಯ ಬದಲು ಚಿತ್ರಾನ್ನ ಹೋದರೆ ಏನೂ ಆಗುವುದಿಲ್ಲ.

ಹೆಜ್ಜೆ 3: ಮುಂಜಾನೆಯ ಪಾಳಿ

ಪಾಳಿ ವಯಸ್ಸಿನ ಪ್ರಕಾರ ಹಚ್ಚಬೇಡಿ. ಯಾರು ಕಾಯಲಾರರೋ ಅವರದು ಮೊದಲು, ಯಾರು ಹೊರಗೆ ಹೋಗಬೇಕೋ ಅವರದು ಎರಡನೆಯದು, ಮನೆಯಲ್ಲೇ ಇರುವವರದು ಕೊನೆ. ನಮ್ಮಲ್ಲಿ ಸಣ್ಣವನಿಗೆ ಎದ್ದ ಕೂಡಲೇ ಹಾಲು ಮತ್ತು ಒಂದು ತುಂಡು ಬಾಳೆಹಣ್ಣು. ಅವನ ಹೊಟ್ಟೆ ತುಂಬಿದರೆ ಅರ್ಧ ತಾಸು ಪಾತ್ರೆ ಬಡಿಯುತ್ತ ಕೂರುತ್ತಾನೆ. ಅಷ್ಟರಲ್ಲಿ ದೊಡ್ಡವಳ ಸ್ನಾನ, ನಂತರ ನಡುವಿನವಳದು. ದೊಡ್ಡವಳ ತಲೆ ಬಾಚುವಾಗ ನಡುವಿನವಳು ಮುಂದೆ ಕೂತು ತಿನ್ನುತ್ತಾಳೆ, ನಡುವಿನವಳ ತಲೆ ಬಾಚುವಾಗ ದೊಡ್ಡವಳು ತಿನ್ನುತ್ತಾಳೆ. ಸಣ್ಣವನ ಸ್ನಾನ ಇವರಿಬ್ಬರೂ ಹೋದ ಮೇಲೆಯೇ. ಅವನನ್ನೂ ಎಂಟರೊಳಗೆ ತೊಳೆದು ಸಿಂಗರಿಸಬೇಕು ಅನ್ನುವ ಹಟ ಬಿಟ್ಟ ದಿನದಿಂದ ಮನೆ ತಣ್ಣಗಾಗಿದೆ.

ಪಾಳಿ ಹೇಳುವ ಮಾತೂ ಒಂದೇ ತರಹ ಇರಲಿ. "ತಡಿ, ಆಮ್ಯಾಲೆ" ಅಂದರೆ ಐದು ವರ್ಷದ ಮಗುವಿಗೆ ಏನೂ ತಿಳಿಯುವುದಿಲ್ಲ. "ಅಕ್ಕನ ಎರಡನೇ ಜಡೆ ಆದ ಕೂಡಲೇ ನಿಂದು" ಅಂದರೆ ಅದು ಕಣ್ಣಿಗೆ ಕಾಣುವ ಲೆಕ್ಕ. ಹೇಳಿದ ಮೇಲೆ ಮಾತಿಗೆ ತಪ್ಪಬೇಡಿ. ನಡುವೆ ಫೋನ್ ಬಂದರೂ ಜಡೆ ಮುಗಿದ ಕೂಡಲೇ ಅವಳದೇ. ಹತ್ತು ದಿನ ಹೀಗೆ ಮಾಡಿ ನೋಡಿ. ನಮ್ಮ ನಡುವಿನವಳು ಈಗ ತಾನಾಗಿಯೇ ಜಡೆ ಎಣಿಸುತ್ತಾಳೆ.

ಮನೆಯವರಿಗೂ ಪಾಳಿ ಹಚ್ಚಲೇಬೇಕು. "ಸ್ವಲ್ಪ ಸಹಾಯ ಮಾಡ್ರಿ" ಅಂತ ಹೇಳಿ ಹೇಳಿ ನಾನು ಸೋತಿದ್ದೆ, ಯಾಕಂದರೆ ಸಹಾಯ ಅಂದರೆ ಯಾವುದು, ಯಾವಾಗ ಅಂತ ಅವರಿಗೆ ಗೊತ್ತಾಗುತ್ತಿರಲಿಲ್ಲ. ಈಗ ಮಾತು ನೇರ: ಏಳರಿಂದ ಏಳೂವರೆ ಸಣ್ಣವನು ಅವರ ಕಡೆ, ದೊಡ್ಡವಳ ಬೂಟು ಮತ್ತು ನೀರಿನ ಬಾಟಲಿ ಅವರದು. ಅಂಗಡಿಗೆ ಹೋಗುವ ಗಡಿಬಿಡಿಯಲ್ಲೂ ತಪ್ಪದೆ ಮಾಡುತ್ತಾರೆ. ಅತ್ತೆ ಊರಿಂದ ಬಂದಾಗ ಸಣ್ಣವನಿಗೆ ಎಣ್ಣೆ ಹಚ್ಚಿ ಎರೆಯುವುದು ಅವರ ಪಾಳಿ. ಅದರಲ್ಲಿ ನಾನು ಕೈ ಹಾಕುವುದಿಲ್ಲ. ಒಂದೇ ಮಾತು ಹೇಳಿದ್ದೇನೆ, ಮೂಗಿಗೂ ಕಿವಿಗೂ ಎಣ್ಣೆ ಬಿಡಬೇಡಿ ಅಂತ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿಯುವ ಅಪಾಯ ಇದೆ. ಮೊದಲು ಬೇಜಾರಾದರು, ನಂತರ ನಮ್ಮ ಓಣಿಯ ಆರೋಗ್ಯ ನೋಡುವ ಆಶಾ ಕಾರ್ಯಕರ್ತೆ ಅಕ್ಕನೂ ಅದನ್ನೇ ಹೇಳಿದ ಮೇಲೆ ಒಪ್ಪಿದರು.

ಹೆಜ್ಜೆ 4: ಒಂದೇ ಗಡಿಗೆ, ಮೂರು ತಾಟು

ಮೂವರಿಗೆ ಮೂರು ಅಡುಗೆ ಮಾಡಲು ಹೋಗಬೇಡಿ. ಒಂದೇ ಅಡುಗೆ, ಆದರೆ ಖಾರ ಹಾಕುವ ಮೊದಲು ಸಣ್ಣವರ ಪಾಲು ತೆಗೆದಿಡಿ. ತೊವ್ವೆ ಕುದಿಯುವಾಗ ಒಂದು ಬಟ್ಟಲು ಬದಿಗೆ, ಉಳಿದದ್ದಕ್ಕೆ ಒಗ್ಗರಣೆ. ಜೋಳದ ರೊಟ್ಟಿಯ ಬಿಸಿ ಪಾಪಡಿ ಕಿತ್ತು, ತೊವ್ವೆಯಲ್ಲಿ ಅಥವಾ ಹಾಲಿನಲ್ಲಿ ನೆನೆಸಿ, ಬೆರಳಿಂದ ಕಿವುಚಿ, ಮೇಲೆ ಅರ್ಧ ಚಮಚ ತುಪ್ಪ. ವರ್ಷ ತುಂಬಿದ ಮಗು ಇದನ್ನು ಚೆನ್ನಾಗಿ ತಿನ್ನುತ್ತದೆ. ಜೋಳದ ನುಚ್ಚು ಮಜ್ಜಿಗೆ ಜೊತೆ, ಮೆತ್ತಗಿನ ಅನ್ನಕ್ಕೆ ಮೆಂತೆ ಪಲ್ಯದ ಎಲೆ ಹಿಸುಕಿ, ಸಜ್ಜಕ, ಬೇಯಿಸಿದ ತತ್ತಿ. ಡಬ್ಬಿ ಆಹಾರಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ದೊಡ್ಡವಳಿಗೆ ಮುಟಗಿ ಅಂದರೆ ಪ್ರಾಣ. ಬಿಸಿ ರೊಟ್ಟಿಗೆ ಬಳ್ಳೊಳ್ಳಿ, ಜೀರಿಗೆ, ಉಪ್ಪು ಹಾಕಿ ಕುಟ್ಟಿ, ತುಪ್ಪ ಹಾಕಿ ಉಂಡೆ ಕಟ್ಟಿಕೊಟ್ಟರೆ ಡಬ್ಬಿ ಖಾಲಿಯಾಗಿ ಬರುತ್ತದೆ. ಅವಳದಕ್ಕೆ ಮೆಣಸಿನಕಾಯಿ ಕಡಿಮೆ.

ವಯಸ್ಸಿನ ಲೆಕ್ಕ ಮಾತ್ರ ಮರೆಯಬೇಡಿ. ಆರು ತಿಂಗಳವರೆಗೆ ಬರೀ ಎದೆಹಾಲು, ನೀರೂ ಬೇಡ, ಬೇಸಿಗೆಯಲ್ಲೂ ಬೇಡ. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆ ಗಟ್ಟಿ ಊಟ. ಚಮಚ ಓರೆ ಮಾಡಿದರೆ ಹರಿದು ಹೋಗುವಷ್ಟು ತೆಳ್ಳಗಿದ್ದರೆ ಅದರಲ್ಲಿ ಶಕ್ತಿ ಇರುವುದಿಲ್ಲ. ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸಬೇಡಿ, ಹಿರಿಯರು ಹೇಳಿದರೂ ಬೇಡ, ಅದರಿಂದ ಬಾಟುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು. ಇನ್ನೊಂದು ನಮ್ಮ ಕಡೆ ಜಾಸ್ತಿ ಹೇಳಬೇಕಾದ ಮಾತು: ಶೇಂಗಾ. ನಾಲ್ಕು ವರ್ಷದೊಳಗಿನ ಮಕ್ಕಳ ಕೈಗೆ ಇಡೀ ಶೇಂಗಾ ಬೀಜ, ಪುಟಾಣಿ, ಹಸಿಕಡಲೆ ಕೊಡಬೇಡಿ. ಓಡುತ್ತ ನಗುತ್ತ ತಿನ್ನುವಾಗ ಶ್ವಾಸನಾಳಕ್ಕೆ ಇಳಿಯುತ್ತದೆ. ಶೇಂಗಾ ಚಟ್ನಿಪುಡಿ ಮಾಡಿ ಅನ್ನಕ್ಕೆ ಕಲಸಿ ಕೊಡಿ, ಅದೇ ಶಕ್ತಿ, ಅಪಾಯ ಇಲ್ಲ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ದೊಡ್ಡ ಮಕ್ಕಳಿಗೂ ಇದನ್ನು ಹೇಳಿಕೊಡಬೇಕು. ತಮ್ಮನ ಮೇಲಿನ ಪ್ರೀತಿಗೆ ಅವರೇ ತಮ್ಮ ಪಾಲಿನ ಚುರುಮುರಿ, ಶೇಂಗಾ ಅವನ ಬಾಯಿಗೆ ಹಾಕುತ್ತಾರೆ.

ಅಂಗನವಾಡಿಗೆ ಹೆಸರು ಬರೆಸದಿದ್ದರೆ ಬರೆಸಿ. ಮೂರರಿಂದ ಆರು ವರ್ಷದ ಮಕ್ಕಳಿಗೆ ಅಲ್ಲೇ ಊಟ, ಆಟ. ಆರು ತಿಂಗಳಿಂದ ಮೂರು ವರ್ಷದವರಿಗೆ ಪೌಷ್ಟಿಕ ಆಹಾರ ಮನೆಗೇ ಕೊಡುತ್ತಾರೆ. ಅಲ್ಲಿ ತಿಂಗಳಿಗೊಮ್ಮೆ ತೂಕವನ್ನೂ ನೋಡುತ್ತಾರೆ, ಆ ತೂಕ ಮುಂದೆ ಬೇಕಾಗುತ್ತದೆ.

ಹೆಜ್ಜೆ 5: ನಳ ಬರುವ ದಿನ

ಹುಬ್ಬಳ್ಳಿ ಧಾರವಾಡದಲ್ಲಿ ಕೆಲವು ಬಡಾವಣೆಗಳಿಗೆ 24 ತಾಸೂ ನೀರಿದೆ. ನಮ್ಮಂಥ ಓಣಿಗಳಿಗೆ ದಿನಾ ಬರುವುದಿಲ್ಲ, ಬಂದಾಗ ತುಂಬಿಸಿಟ್ಟುಕೊಳ್ಳಬೇಕು. ಗದಗ, ಹಾವೇರಿಯಲ್ಲಿ ಇರುವವರಿಗೂ ಈ ಕಷ್ಟ ಗೊತ್ತು. ನಳ ಬಂದ ದಿನ ಬೇರೆ ಯಾವ ದೊಡ್ಡ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಕೌದಿ ಒಗೆಯುವುದು, ಅರಿವೆ ನೆನೆಹಾಕುವುದು ಎಲ್ಲ ಅವತ್ತೇ ಮುಗಿಯಲಿ, ಊಟಕ್ಕೆ ಅನ್ನ ಸಾರು ಸಾಕು. ದೊಡ್ಡ ಮಕ್ಕಳಿಗೆ ಸಣ್ಣ ಚೊಂಬು ಕೊಟ್ಟು ಗಿಡಕ್ಕೆ, ಹಂಡೆಗೆ ಹಾಕಲು ಹಚ್ಚಿ, ಖುಷಿಯಿಂದ ಮಾಡುತ್ತಾರೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಲೇಬೇಕು. ಸಣ್ಣವನು ಹದಿನಾಲ್ಕು ತಿಂಗಳಿದ್ದಾಗ ನಾನು ಬಚ್ಚಲಲ್ಲಿ ಬಕೆಟ್ ತುಂಬಿಸಿಟ್ಟು ಕೊಡ ತರಲು ಹೊರಗೆ ಹೋಗಿದ್ದೆ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಒಳಗೆ ಬಂದು ನೋಡಿದರೆ ಬಕೆಟ್ಟಿನ ಅಂಚಿಗೆ ಹೊಟ್ಟೆ ಆನಿಸಿ, ತೇಲುವ ಚೊಂಬು ಹಿಡಿಯಲು ಬಾಗಿದ್ದ. ಎರಡೂ ಅಂಗಾಲು ನೆಲ ಬಿಟ್ಟು ಮೇಲೆ ಎದ್ದಿದ್ದವು. ಸದ್ದೇ ಇಲ್ಲ. ಹಿಂದಿನಿಂದ ಅಂಗಿ ಹಿಡಿದು ಎಳೆದೆ, ಅವನು ನಕ್ಕ, ನಾನು ಅಲ್ಲೇ ಕುಸಿದು ಕೂತೆ. ಆ ಎರಡು ಅಂಗಾಲು ಈಗಲೂ ಕಣ್ಣ ಮುಂದೆ ಬರುತ್ತವೆ. ಸಣ್ಣ ಮಕ್ಕಳಿಗೆ ತಲೆಯೇ ಭಾರ, ಬಾಗಿದರೆ ಮೇಲೆ ಏಳಲು ಬರುವುದಿಲ್ಲ, ಗೇಣುದ್ದಕ್ಕಿಂತ ಕಡಿಮೆ ನೀರೂ ಸಾಕು. ಕೂಗಲೂ ಆಗುವುದಿಲ್ಲ. ಅದಕ್ಕೆ ತುಂಬಿದ ಬಕೆಟ್, ಬ್ಯಾರಲ್, ತೊಟ್ಟಿ ಯಾವುದಕ್ಕೂ ಮುಚ್ಚಳ ಇಲ್ಲದೆ ಬಿಡಬೇಡಿ. ಮುಚ್ಚಳ ಇಲ್ಲವೆಂದರೆ ಬಚ್ಚಲ ಬಾಗಿಲಿಗೆ ಮೇಲಿನ ಚಿಲಕ ಹಾಕಿಸಿ, ಮಗುವಿನ ಕೈಗೆ ಎಟುಕದಷ್ಟು ಎತ್ತರಕ್ಕೆ. ನಳ ಬಂದಾಗ ಎರಡು ವರ್ಷದ ಮಗುವಿನ ಪಾಳಿ ಒಬ್ಬ ದೊಡ್ಡವರದು ಅಂತ ಬಾಯಿಬಿಟ್ಟು ಹೇಳಿ. "ಈಗ ಇವನು ನಿಮ್ಮ ಕಡೆ" ಅಂತ. ಎಂಟು ವರ್ಷದ ಅಕ್ಕನ ಮೇಲೆ ಈ ಭಾರ ಹಾಕಬೇಡಿ, ಅವಳೂ ಮಗುವೇ.

ಮುಚ್ಚಳದಿಂದ ಇನ್ನೊಂದು ಲಾಭ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ಸ್ವಚ್ಛ ನೀರಿನಲ್ಲೇ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ಬ್ಯಾರಲ್ ಪೂರ್ತಿ ಖಾಲಿ ಮಾಡಿ ಒಳಗಿನ ಗೋಡೆಯನ್ನು ನಾರಿನಿಂದ ತಿಕ್ಕಿ, ಮೊಟ್ಟೆ ಗೋಡೆಗೇ ಅಂಟಿರುತ್ತದೆ, ಬರೀ ನೀರು ಚೆಲ್ಲಿದರೆ ಹೋಗುವುದಿಲ್ಲ. ಈ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ, ಹಾಗಾಗಿ ಮಧ್ಯಾಹ್ನ ಮಲಗುವ ಮಗುವಿಗೂ ಪರದೆ ಬೇಕು.

ಹೆಜ್ಜೆ 6: ಒಬ್ಬರಿಗೆ ಬಂದರೆ ಮೂವರಿಗೂ

ಮಳೆಗಾಲ ಶುರುವಾಗಿ ಶಾಲೆ ತೆರೆದ ಮೇಲೆ ನೆಗಡಿ, ಜ್ವರ, ಭೇದಿ ಸಾಲಾಗಿ ಬರುತ್ತವೆ. ಒಬ್ಬರದು ಇಳಿಯುವ ಹೊತ್ತಿಗೆ ಇನ್ನೊಬ್ಬರಿಗೆ. ಅದಕ್ಕೆ ತಯಾರಿ ಮೊದಲೇ ಇರಲಿ. ಕಪಾಟಿನ ಬಾಗಿಲ ಒಳಬದಿಗೆ ಒಂದು ಹಾಳೆ ಅಂಟಿಸಿ: ಮೂವರ ಹೆಸರು, ಈ ತಿಂಗಳ ತೂಕ, ಡಾಕ್ಟರು ಅವರವರಿಗೆ ಹೇಳಿದ ಜ್ವರದ ಔಷಧಿಯ ಅಳತೆ, ಯಾವ ಹೊತ್ತಿಗೆ ಕೊಟ್ಟಿರಿ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲಿ ಯಾರಿಗೆ ಎಷ್ಟು ಕೊಟ್ಟೆ ಅಂತ ನೆನಪಿರುವುದಿಲ್ಲ.

ಪ್ಯಾರಾಸಿಟಮಾಲ್ ವಿಷಯದಲ್ಲಿ ಬಹಳ ಹುಷಾರಾಗಿರಿ. ಒಂದೇ ಹೆಸರಿನ ಡ್ರಾಪ್ಸ್ ಬೇರೆ, ಸಿರಪ್ ಬೇರೆ. ಸಾಮಾನ್ಯವಾಗಿ ಸಿಗುವ ಡ್ರಾಪ್ಸ್‌ನಲ್ಲಿ 1 ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್‌ನಲ್ಲಿ 5 ಎಂಎಲ್‌ಗೆ 120 ಅಥವಾ 125, ಕೆಲವದರಲ್ಲಿ 250. ಅಂದರೆ ಡ್ರಾಪ್ಸ್ ಹಲವು ಪಟ್ಟು ಗಟ್ಟಿ. ಒಮ್ಮೆ ಔಷಧಿ ಅಂಗಡಿಯಲ್ಲಿ ಸಿರಪ್ ಕೇಳಿದ್ದಕ್ಕೆ ಡ್ರಾಪ್ಸ್ ಕಟ್ಟಿಕೊಟ್ಟಿದ್ದರು, ನಾನೂ ಹೆಸರು ನೋಡಿ ತಂದಿದ್ದೆ. ಚಮಚಕ್ಕೆ ಸುರಿಯುವ ಮುಂಚೆ ಬಾಟಲಿ ಸಣ್ಣದಿದೆಯಲ್ಲ ಅಂತ ಅನುಮಾನ ಬಂದು ಓದಿದೆ, ಉಳಿದೆವು. ಕೊಡುವ ಪ್ರತಿ ಸಲ ಬಾಟಲಿ ಮೇಲಿನ ಸಂಖ್ಯೆ ಓದಿ. ಅಕ್ಕನ ಔಷಧಿ ತಮ್ಮನಿಗೆ ಅಂದಾಜಿನ ಮೇಲೆ ಹಾಕಬೇಡಿ.

ಭೇದಿಗೆ ಓಆರ್‌ಎಸ್ ಮನೆಯಲ್ಲಿ ಸದಾ ಇರಲಿ. ದೊಡ್ಡ ಪುಡಿ ಪೊಟ್ಟಣ ಒಂದಕ್ಕೆ ಕುದಿಸಿ ಆರಿಸಿದ ಒಂದು ಲೀಟರ್ ನೀರು, ಪೂರ್ತಿ ಪೊಟ್ಟಣ ಒಂದೇ ಸಲ. ಅರ್ಧ ಪುಡಿ ಅರ್ಧ ನೀರು ಅಂತ ಅಂದಾಜು ಬೇಡ. ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನವರಿಗೆ ಕಾಲಿನಿಂದ ಅರ್ಧ ಲೋಟ, ಅದಕ್ಕಿಂತ ದೊಡ್ಡವರಿಗೆ ಅರ್ಧದಿಂದ ಒಂದು ಲೋಟ, ಗುಟುಕು ಗುಟುಕಾಗಿ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚದಲ್ಲಿ ಶುರು. 24 ತಾಸಿನ ನಂತರ ಉಳಿದದ್ದು ಚೆಲ್ಲಿ. ಸರ್ಕಾರಿ ಆಸ್ಪತ್ರೆಯಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಇದರ ಜೊತೆ ಜಿಂಕ್ ಗುಳಿಗೆಯೂ ಸಿಗುತ್ತದೆ, ಭೇದಿ ನಿಂತರೂ 14 ದಿನ ಪೂರ್ತಿ ಕೊಡಬೇಕು. ಊಟ ನಿಲ್ಲಿಸಬೇಡಿ, ಎದೆಹಾಲು ಅಂತೂ ನಿಲ್ಲಿಸಲೇಬೇಡಿ.

ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳು: ಮೂರು ತಿಂಗಳೊಳಗಿನ ಮಗುವಿಗೆ ಜ್ವರ, ಏನು ಕೊಟ್ಟರೂ ಕುಡಿಯದಿರುವುದು, ಉಸಿರಾಡುವಾಗ ಪಕ್ಕೆ ಒಳಗೆ ಎಳೆಯುವುದು, ಫಿಟ್ಸ್, ಎಬ್ಬಿಸಿದರೂ ಎಚ್ಚರವಾಗದಂಥ ಮಂಕು, ಆರು ತಾಸಿಗೂ ಉಚ್ಚೆ ಇಲ್ಲದಿರುವುದು, ಭೇದಿಯಲ್ಲಿ ರಕ್ತ. ರಾತ್ರಿಯಾದರೆ 108ಕ್ಕೆ ಫೋನ್ ಮಾಡಿ. ಉಳಿದ ಇಬ್ಬರನ್ನು ಯಾರ ಮನೆಯಲ್ಲಿ ಬಿಡಬೇಕು ಅಂತ ಇವತ್ತೇ ಮಾತಾಡಿಟ್ಟುಕೊಳ್ಳಿ. ನಮಗೆ ಎದುರುಮನೆ ವೈನಿ ಇದ್ದಾರೆ. ಅವರ ಮಕ್ಕಳಿಗೂ ನಮ್ಮ ಮನೆ ಹಾಗೇ.

ಲಸಿಕೆಯ ತಾಯಿ ಕಾರ್ಡುಗಳನ್ನು ಮೂರು ಬೇರೆ ಪ್ಲಾಸ್ಟಿಕ್ ಚೀಲದಲ್ಲಿಡಿ. ಹುಟ್ಟಿದಾಗ, ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ, ಆಮೇಲೆ ಒಂಬತ್ತು ತಿಂಗಳಿಗೆ. ಇಷ್ಟನ್ನು ಯಾರೂ ಮರೆಯುವುದಿಲ್ಲ. ಮರೆಯುವುದು 16ರಿಂದ 24 ತಿಂಗಳ ನಡುವಿನ ಬೂಸ್ಟರ್ ಮತ್ತು ಐದು ವರ್ಷದ್ದು, ಅದೂ ಎರಡನೇ ಮೂರನೇ ಮಗುವಿನದು. ಎ ಜೀವಸತ್ವದ ಹನಿ ಒಂಬತ್ತು ತಿಂಗಳಿಂದ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಹೆಜ್ಜೆ 7: ಒಬ್ಬೊಬ್ಬರಿಗೂ ಒಬ್ಬಳೇ ಅವ್ವ

ಮಕ್ಕಳ ಜಗಳ ಪೂರ್ತಿ ನಿಲ್ಲಿಸುವ ಉಪಾಯ ನನ್ನ ಹತ್ತಿರ ಇಲ್ಲ. ಆದರೆ ಅರ್ಧ ಜಗಳ ಆಟಿಕೆಗಾಗಿ ಇರುವುದಿಲ್ಲ, ಅವ್ವನಿಗಾಗಿ ಇರುತ್ತದೆ. ವಾರಕ್ಕೊಮ್ಮೆ ಒಂದೊಂದು ಮಗುವಿಗೆ ಅರ್ಧ ತಾಸು ನೀವು ಪೂರ್ತಿ ಸಿಗಬೇಕು, ಉಳಿದಿಬ್ಬರು ಅಪ್ಪನ ಕಡೆ. ಇದಕ್ಕೆ ಬೇರೆ ಹೊತ್ತು ಹುಡುಕಬೇಡಿ, ಮಾಡಲೇಬೇಕಾದ ಕೆಲಸಕ್ಕೇ ಜೋಡಿಸಿ. ದೊಡ್ಡವಳು ಬುಧವಾರ ಕಾಯಿಪಲ್ಯೆ ತರಲು ನನ್ನ ಜೊತೆ ಬರುತ್ತಾಳೆ, ಚಿಲ್ಲರೆ ಲೆಕ್ಕ ಅವಳದು. ಸಣ್ಣವನಿಗೆ ಮಧ್ಯಾಹ್ನ ಹೇಗೂ ನಾನು ಸಿಗುತ್ತೇನೆ. ನಡುವಿನವಳಿಗೆ ಏನೂ ಇರಲಿಲ್ಲ. ನಡುವಿನ ಮಕ್ಕಳ ಹಣೆಬರಹವೇ ಅದು, ದೊಡ್ಡವಳ ಜವಾಬ್ದಾರಿಯೂ ಇಲ್ಲ, ಸಣ್ಣವನ ಮುದ್ದೂ ಇಲ್ಲ. ಅವಳಿಗೆ ರವಿವಾರದ ಗಿರಣಿ ಕೊಟ್ಟೆ.

ಶನಿವಾರ ರಾತ್ರಿ ನಾವಿಬ್ಬರೂ ಮೊರದಲ್ಲಿ ಜೋಳ ಹಸನು ಮಾಡುತ್ತೇವೆ. ರವಿವಾರ ಮುಂಜಾನೆ ಡಬ್ಬಿಯ ಒಂದು ಕಿವಿ ನಾನು, ಒಂದು ಕಿವಿ ಅವಳು. ಗಿರಣಿಯ ಬೆಲ್ಟಿನ ಸದ್ದಿಗೆ ಮಾತು ಕೇಳುವುದಿಲ್ಲ, ಅವಳು ನನ್ನ ಸೆರಗು ಹಿಡಿದು ಹಿಟ್ಟು ಇಳಿಯುವುದನ್ನೇ ನೋಡುತ್ತಾಳೆ. ಗಿರಣಿಯವರ ಹುಬ್ಬು, ಮೀಸೆ ಎಲ್ಲ ಬೆಳ್ಳಗೆ. ಡಬ್ಬಿ ತುಂಬಿದ ಮೇಲೆ ಮುಚ್ಚುವ ಮೊದಲು ಅಂಗೈ ಒಳಗೆ ಇಳಿಸಿ "ಅವ್ವಾ, ಬೆಚ್ಚಗೈತಿ" ಅನ್ನುತ್ತಾಳೆ, ಪ್ರತಿ ವಾರ, ಮೊದಲ ಸಲ ಹೇಳಿದ ಹಾಗೆ. ಬರುವ ದಾರಿಯಲ್ಲಿ ಮಾತು ಶುರುವಾಗುತ್ತದೆ. ಬೆಂಚಿನಲ್ಲಿ ಪಕ್ಕ ಕೂರುತ್ತಿದ್ದ ಗೆಳತಿ ಈಗ ಕೂರುವುದಿಲ್ಲ ಅನ್ನುವುದು, ಕತ್ತಲಲ್ಲಿ ಬಚ್ಚಲಿಗೆ ಹೋಗಲು ಹೆದರಿಕೆ ಅನ್ನುವುದು ನನಗೆ ಗೊತ್ತಾಗಿದ್ದು ಆ ದಾರಿಯಲ್ಲೇ. ಅವಳು ಹಾಸಿಗೆ ಒದ್ದೆ ಮಾಡುವುದು ಯಾಕೆ ಅಂತ ತಿಂಗಳುಗಟ್ಟಲೆ ಬೈದಿದ್ದೆ. ಬಚ್ಚಲಿಗೆ ಒಂದು ಸಣ್ಣ ದೀಪ ಹಾಕಿಸಿದ ಮೇಲೆ ಕಡಿಮೆಯಾಯಿತು.

ಜಗಳ ಬಂದಾಗ ಯಾರು ಮೊದಲು ಹೊಡೆದರು ಅನ್ನುವ ವಿಚಾರಣೆಗೆ ನಾನು ಕೂರುವುದಿಲ್ಲ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ, ನೀರು ಕುಡಿಸಿ, ಸಾಮಾನು ಯಾರ ಪಾಳಿ ಅಂತ ಹೇಳಿ ಮುಗಿಸುತ್ತೇನೆ. "ನೀ ದೊಡ್ಡಾಕಿ, ನೀನ ಬಿಟ್ಟುಕೊಡು" ಅನ್ನುವ ಮಾತು ನಮ್ಮ ಮನೆಯಲ್ಲಿ ನಿಂತಿದೆ. ದೊಡ್ಡವಳ ಪಾಳಿ ಅಂದರೆ ಅವಳದೇ, ಸಣ್ಣವನು ಎಷ್ಟು ಅತ್ತರೂ.

ಹೆಜ್ಜೆ 8: ಸಂಜೆ ಆರೂವರೆ

ಎಲ್ಲರಿಗೂ ಹಸಿವು, ಎಲ್ಲರಿಗೂ ದಣಿವು, ನಿಮಗೂ. ಶಾಲೆಯಿಂದ ಬಂದ ಕೂಡಲೇ ಹೊಟ್ಟೆಗೆ ಗಟ್ಟಿಯಾದದ್ದು ಕೊಡಿ. ಗಿರ್ಮಿಟ್ ಆಗಲಿ, ಸೂಸಲ ಆಗಲಿ, ಬೆಲ್ಲ ತುಪ್ಪ ಸವರಿದ ಚಪಾತಿ ಸುರುಳಿ ಆಗಲಿ. ಬಿಸ್ಕಿಟ್ ಕೊಟ್ಟರೆ ಅರ್ಧ ತಾಸಿಗೆ ಮತ್ತೆ ಹಸಿವು, ಸರಿಯಾಗಿ ಆರೂವರೆಗೆ ಅಳು. ತಿಂದ ಮೇಲೆ ಓಣಿಯಲ್ಲಿ ಒಂದು ತಾಸು ಬಿಡಿ, ಮೈ ದಣಿಯಲಿ. ಆರೂವರೆಗೆ ಕೈಕಾಲು ತೊಳೆದು ಒಳಗೆ. ದೊಡ್ಡವಳು ಅಡುಗೆಮನೆಯ ಬಾಗಿಲಲ್ಲಿ ಕೂತು ಬರೆಯುತ್ತಾಳೆ, ನಾನು ರೊಟ್ಟಿ ಬಡಿಯುತ್ತ ಮಗ್ಗಿ ಕೇಳುತ್ತೇನೆ. ಉಳಿದಿಬ್ಬರಿಗೆ ಒಂದೊಂದು ಉಂಡೆ ಹಿಟ್ಟು. ಒಲೆಯಿಂದ ಎರಡು ಮಾರು ದೂರ ಸೀಮೆಸುಣ್ಣದ ಗೆರೆ ಎಳೆದಿದ್ದೇನೆ, ಗೆರೆ ದಾಟಿದವರ ಹಿಟ್ಟು ವಾಪಸ್. ಆ ಹೊತ್ತಿಗೆ ಮೊಬೈಲ್ ಕೊಡಬೇಡಿ ಅಂತ ಹೇಳುವುದು ಸುಲಭ, ನನಗೂ ಕೊಡಬೇಕು ಅನ್ನಿಸುತ್ತದೆ. ಕೊಟ್ಟ ದಿನಗಳಲ್ಲಿ ವಾಪಸ್ ಕೇಳುವಾಗಿನ ರಂಪ ರೊಟ್ಟಿ ಮಾಡುವುದಕ್ಕಿಂತ ಜಾಸ್ತಿ ಹೊತ್ತು ತಿಂದಿದೆ. ಹಿಟ್ಟೇ ವಾಸಿ.

ಮಲಗುವ ಹೊತ್ತು ಮಾತ್ರ ಬದಲಾಗಬಾರದು. ಎರಡು ವರ್ಷದ ಮಗುವಿಗೆ ಹಗಲಿನದೂ ಸೇರಿ 11ರಿಂದ 14 ತಾಸು ನಿದ್ದೆ ಬೇಕು, ಐದು ವರ್ಷದ ಮಗುವಿಗೆ 10ರಿಂದ 13, ಎಂಟು ವರ್ಷದವರಿಗೆ 9ರಿಂದ 12. ನಮ್ಮಲ್ಲಿ ಎಂಟೂವರೆಗೆ ಕೌದಿ ಹಾಸುತ್ತೇವೆ, ಗೋಡೆ ಕಡೆ ಸಣ್ಣವನು, ನಂತರ ನಾನು. ನನ್ನ ಇನ್ನೊಂದು ಪಕ್ಕ ಯಾರು ಅನ್ನುವುದಕ್ಕೂ ಪಾಳಿ, ಒಂದು ದಿನ ಅಕ್ಕ, ಒಂದು ದಿನ ತಂಗಿ. ನಿಮ್ಮ ಮನೆಯಲ್ಲಿ ಇನ್ನೂ ಎಳೆಗೂಸು ಇದ್ದರೆ ಮಾತ್ರ ಅದನ್ನು ಬೇರೆ ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ದಪ್ಪ ಕೌದಿ, ದಿಂಬು ಮುಖದ ಹತ್ತಿರ ಬೇಡ.

ಹೆಜ್ಜೆ 9: ನಿಮ್ಮ ಪಾಳಿ

ಯಾರ ಪಾಳಿ ಯಾವುದು ಅಂತ ಬರೆದಿಡುವ ಹಾಳೆಯಲ್ಲಿ ನಿಮ್ಮ ಹೆಸರನ್ನೂ ಬರೆಯಿರಿ. ಮಕ್ಕಳು ಬಿಟ್ಟ ತಾಟಿನ ಅನ್ನ, ಮುಂಜಾನೆಯ ತಣ್ಣನೆ ರೊಟ್ಟಿ, ಅದನ್ನೂ ನಿಂತುಕೊಂಡೇ ತಿನ್ನುವುದು. ಎಷ್ಟು ತಾಯಂದಿರ ಊಟ ಇದೇ ಅಲ್ವಾ? ಬಾಣಂತನದಲ್ಲಿ ಅಂಟಿನ ಉಂಡಿ, ಅಳವಿ ಪಾಯಸ ಮಾಡಿಕೊಟ್ಟು ಜೋಪಾನ ಮಾಡುತ್ತಾರೆ, ಆಮೇಲೆ ಯಾರೂ ಕೇಳುವುದಿಲ್ಲ. ಇಬ್ಬರು ದೊಡ್ಡವರು ಶಾಲೆಗೆ ಹೋದ ಮೇಲೆ, ಪಾತ್ರೆ ತೊಳೆಯುವ ಮೊದಲು, ಒಂದು ಬಿಸಿ ರೊಟ್ಟಿ ಪಲ್ಯ ನಿಮಗಾಗಿ ಹಾಕಿಕೊಂಡು ಕೂತು ತಿನ್ನಿ. ಹೆರಿಗೆಯ ನಂತರ 180 ದಿನ ತೆಗೆದುಕೊಳ್ಳಲು ಕೊಡುವ ಕಬ್ಬಿಣಾಂಶದ ಗುಳಿಗೆಯನ್ನು ನಡುವೆ ಬಿಡಬೇಡಿ, ಚಾ ಜೊತೆ ನುಂಗಬೇಡಿ, ಚಾ ಅದನ್ನು ಮೈಗೆ ಹತ್ತಗೊಡುವುದಿಲ್ಲ. ಆ ಕೆಂಪು ಗುಳಿಗೆ ಮಕ್ಕಳ ಕಣ್ಣಿಗೆ ಪೆಪ್ಪರಮಿಂಟಿನ ಹಾಗೆ ಕಾಣುತ್ತದೆ, ನಾಲ್ಕಾರು ನುಂಗಿದರೆ ಸಣ್ಣ ಮಗುವಿನ ಜೀವಕ್ಕೇ ಅಪಾಯ. ಎತ್ತರದಲ್ಲಿ, ಬೀಗದಲ್ಲಿ ಇಡಿ.

ಇನ್ನೊಂದು ಮಗು ಈಗ ಬೇಡ ಅನ್ನಿಸಿದರೆ ನಾಚಿಕೊಳ್ಳದೆ ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಾಪರ್ ಟಿ ಇದೆ, ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಚುಚ್ಚುಮದ್ದು ಇದೆ, ಎರಡೂ ಉಚಿತ.

ದಣಿವು ಬೇರೆ, ಮನಸ್ಸು ಕುಸಿಯುವುದು ಬೇರೆ. ಎರಡು ವಾರಕ್ಕಿಂತ ಜಾಸ್ತಿ ಕಾರಣವಿಲ್ಲದೆ ಅಳು, ಮಗು ಮಲಗಿದರೂ ನಿದ್ದೆ ಇಲ್ಲ, ಮಗುವಿನ ಮೇಲೆ ಮನಸ್ಸೇ ಇಲ್ಲ, ಇರುವುದಕ್ಕಿಂತ ಇಲ್ಲದಿರುವುದೇ ಒಳ್ಳೆಯದು ಅನ್ನಿಸುವುದು, ಇವು ಕಾಯಿಲೆಯ ಲಕ್ಷಣಗಳು. ನೀವು ಕೆಟ್ಟ ತಾಯಿ ಅಂತ ಖಂಡಿತ ಅರ್ಥವಲ್ಲ. 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನೇರವಾಗಿ ತೋರಿಸಬೇಕೆಂದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಮೂರನೆಯ ಬಾಣಂತನದಲ್ಲಿ ನನಗೆ ಹೀಗಾದಾಗ ಎದುರುಮನೆ ವೈನಿ ಬಂದು ಕೂತು, ಸಣ್ಣವನನ್ನು ಎತ್ತಿಕೊಂಡು, "ನೀ ಮೊದಲು ಮಲಗು, ಆಮ್ಯಾಲೆ ದವಾಖಾನಿಗೆ ಹೋಗೂಣು" ಅಂದರು. ಹೋದೆವು. ಗುಣವಾಯಿತು.

ಹೆಜ್ಜೆ 10: ಹಾಳೆ ಹೊಸದಾಗಿ ಬರೆಯಿರಿ

ಒಮ್ಮೆ ಹಚ್ಚಿದ ಪಾಳಿ ವರ್ಷವಿಡೀ ನಡೆಯುವುದಿಲ್ಲ. ಮಕ್ಕಳು ಬೆಳೆಯುತ್ತಾರೆ, ಶಾಲೆಯ ಹೊತ್ತು ಬದಲಾಗುತ್ತದೆ. ಬೇಸಿಗೆ ರಜೆಗೆ ಒಮ್ಮೆ, ಶಾಲೆ ಶುರುವಾಗುವಾಗ ಒಮ್ಮೆ, ದೀಪಾವಳಿ ನಂತರ ಚಳಿ ಬಿದ್ದಾಗ ಒಮ್ಮೆ ಹಾಳೆ ತೆಗೆದು ಮಕ್ಕಳನ್ನೂ ಕೂರಿಸಿಕೊಂಡು ಬರೆಯಿರಿ. ಯಾವ ಕೆಲಸ ಯಾರಿಗೆ ಬೇಡವಾಗಿದೆ ಅಂತ ಕೇಳಿ, ಅದಲುಬದಲು ಮಾಡಿ. ನಮ್ಮ ಹೊಸ ಹಾಳೆಯಲ್ಲಿ ಮೊದಲ ಸಲ ಸಣ್ಣವನ ಹೆಸರು ಬಂದಿದೆ. ರಾತ್ರಿ ಬಾಗಿಲ ಹತ್ತಿರ ಎಲ್ಲರ ಚಪ್ಪಲಿ ಸಾಲಾಗಿ ಇಡುವುದು ಅವನ ಪಾಳಿ. ಎಡದ್ದು ಬಲದ್ದು ತಪ್ಪುತ್ತವೆ, ಅಕ್ಕಂದಿರು ಸರಿ ಮಾಡಲು ಹೋದರೆ ಕೈ ತಳ್ಳಿ "ನಂದು ಪಾಳಿ" ಅನ್ನುತ್ತಾನೆ.